ಕಾಗದದ ರಿಟರ್ನ್ ಕಳಿಸಿ ತಿಂಗಳಾಯ್ತು, ಸುದ್ದಿಯೇ ಇಲ್ಲ: ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನಿಂದ ಉತ್ತರ ಪಡೆಯುವ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಮೇ ತಿಂಗಳು ಬಂತೆಂದರೆ ಒಂದೇ ಪ್ರಶ್ನೆ. "ಹೆಂಡತಿಯ ಐಟಿನ್‌ಗೆ ಅರ್ಜಿ ಹಾಕಿ ಮಾರ್ಚ್‌ನಲ್ಲೇ ರಿಟರ್ನ್ ಪೋಸ್ಟ್ ಮಾಡಿದ್ದೆ. ನಾಲ್ಕು ಸಲ ಫೋನ್ ಮಾಡಿದೆ. ಎರಡು ಸಲ ಲೈನ್ ಕಟ್ ಆಯ್ತು. ಆಮೇಲೆ ಸಿಕ್ಕವರು 'ನಿಮ್ಮ ರಿಟರ್ನ್ ಕಾಣಿಸ್ತಿಲ್ಲ' ಅಂದ್ರು. ಈಗ ಇನ್ನೊಂದು ಕಾಪಿ ಕಳಿಸಲಾ?"

ಕಳಿಸಬೇಡಿ. ನಾನು ಒಮ್ಮೆ ಕಳಿಸಿದ್ದೆ. ಅದರ ಕಥೆ ಕೆಳಗೆ ಬರುತ್ತದೆ.

ಈ ಬರಹ ಮುಖ್ಯವಾಗಿ ಎಚ್-1ಬಿ ಕೆಲಸದ ವೀಸಾ ಮೇಲೆ ಕೆಲಸ ಮಾಡುತ್ತಾ, ಎಚ್-4 ಅವಲಂಬಿತ ವೀಸಾ ಮೇಲೆ ಬಂದ ಗಂಡ ಅಥವಾ ಹೆಂಡತಿಯನ್ನು ಸೇರಿಸಿ ಮೊದಲ ಸಲ ಜಂಟಿ ರಿಟರ್ನ್ ಹಾಕುವವರಿಗೆ. ಸೋಷಿಯಲ್ ಸೆಕ್ಯೂರಿಟಿ ನಂಬರ್ ಸಿಗದವರಿಗೆ ತೆರಿಗೆಯ ಕೆಲಸಕ್ಕಾಗಿ ಕೊಡುವ ನಂಬರೇ ಐಟಿನ್. ಮೊದಲ ಸಲ ಅದನ್ನು ಕೇಳುವಾಗ ಡಬ್ಲ್ಯೂ-7 ಎಂಬ ಅರ್ಜಿಯನ್ನು ಆ ವರ್ಷದ ರಿಟರ್ನ್ ಜೊತೆ ಸೇರಿಸಿ ಅಂಚೆಯಲ್ಲಿ ಕಳಿಸಬೇಕು. ಹಾಗಾಗಿ ವರ್ಷವಿಡೀ ಕಂಪ್ಯೂಟರ್ ಮುಂದೆ ಕೂರುವ ನಮ್ಮವರು ಕೂಡ ಆ ಒಂದು ವರ್ಷ ಕಾಗದಕ್ಕೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ನಿಮ್ಮ ಕವರ್ ಒಂದೇ ಆದರೂ ಅದು ನಿಲ್ಲುವುದು ಎರಡು ಕ್ಯೂಗಳಲ್ಲಿ, ಒಂದಾದ ಮೇಲೆ ಒಂದು. ಮೊದಲು ಡಬ್ಲ್ಯೂ-7 ನೋಡುತ್ತಾರೆ. ಐಟಿನ್ ಕೊಟ್ಟ ಮೇಲೆ ರಿಟರ್ನ್ ಮುಂದಿನ ಕ್ಯೂಗೆ ಹೋಗುತ್ತದೆ. ಮೊದಲ ಕ್ಯೂ ಮುಗಿಯುವ ಮುಂಚೆ "ನನ್ನ ರಿಫಂಡ್ ಎಲ್ಲಿ?" ಎಂದು ಕೇಳಿದರೆ "ಕಾಣಿಸ್ತಿಲ್ಲ" ಎಂಬ ಉತ್ತರವೇ ಬರುವುದು. ಹೆಚ್ಚಿನ ಫೋನ್ ಕರೆಗಳು ವ್ಯರ್ಥವಾಗುವುದು ಇಲ್ಲೇ.

ಹಂತ 1: ಕವರ್ ಅಂಟಿಸುವ ಮುಂಚೆ

ಬೇಕಾದ್ದು: ಪ್ರಿಂಟರ್, ನೀಲಿ ಅಥವಾ ಕಪ್ಪು ಪೆನ್ನು, ಸ್ಕ್ಯಾನರ್ (ಫೋನಿನ ಸ್ಕ್ಯಾನ್ ಆಪ್ ಸಾಕು), ಒಂದು ಫೋಲ್ಡರ್.

ಜೋಡಿಸುವ ಕ್ರಮ ಹೀಗೆ. ಎಲ್ಲಕ್ಕಿಂತ ಮೇಲೆ ಡಬ್ಲ್ಯೂ-7. ಮಕ್ಕಳಿಗೂ ಐಟಿನ್ ಬೇಕಿದ್ದರೆ ಅವರ ಡಬ್ಲ್ಯೂ-7ಗಳೂ ಇದೇ ರಿಟರ್ನ್ ಮೇಲೆ. ಅದರ ಕೆಳಗೆ ಗುರುತಿನ ದಾಖಲೆ, ಆಮೇಲೆ 1040 ಫಾರಂ, ಅಂದರೆ ರಿಟರ್ನ್, ಜೊತೆಗೆ ಕಂಪನಿ ಕೊಟ್ಟ ಸಂಬಳ-ತೆರಿಗೆ ವಿವರದ ಡಬ್ಲ್ಯೂ-2. 1040ರಲ್ಲಿ ಐಟಿನ್ ಬೇಕಾದವರ ಹೆಸರಿನ ಮುಂದೆ ನಂಬರ್ ಬರೆಯುವ ಜಾಗ ಖಾಲಿ ಬಿಡಿ. ಸೊನ್ನೆಗಳನ್ನು ತುಂಬುವುದು, ಪಾಸ್‌ಪೋರ್ಟ್ ನಂಬರ್ ಬರೆಯುವುದು, ಇವೆಲ್ಲ ಬೇಡ.

ವರ್ಷದ ಮಧ್ಯೆ ಅಥವಾ ಕೊನೆಗೆ ಬಂದ ಎಚ್-4 ಸಂಗಾತಿಯನ್ನು ಇಡೀ ವರ್ಷದ ನಿವಾಸಿ ಎಂದು ತೋರಿಸಿ ಜಂಟಿ ರಿಟರ್ನ್ ಹಾಕುವವರು, ಹಾಗೆ ಆಯ್ಕೆ ಮಾಡಿಕೊಂಡಿದ್ದೇವೆ ಎಂಬ ಹೇಳಿಕೆಯನ್ನೂ ಲಗತ್ತಿಸಬೇಕು. ಅದಕ್ಕೆ ಇಬ್ಬರ ಸಹಿಯೂ ಬೇಕು. ನೆನಪಿಡಿ, ಹೀಗೆ ಆಯ್ಕೆ ಮಾಡಿಕೊಂಡರೆ ಊರಿನ ಬ್ಯಾಂಕಿನಲ್ಲಿ ಅವರ ಹೆಸರಿನಲ್ಲಿರುವ ಎಫ್‌ಡಿ ಬಡ್ಡಿಯೂ ಅಮೆರಿಕದ ಲೆಕ್ಕಕ್ಕೆ ಬರುತ್ತದೆ.

ಸಹಿಗಳನ್ನು ಎಣಿಸಿ. ಜಂಟಿ 1040ರಲ್ಲಿ ಎರಡು, ಹೇಳಿಕೆಯಲ್ಲಿ ಎರಡು, ಡಬ್ಲ್ಯೂ-7ರಲ್ಲಿ ಅರ್ಜಿದಾರರದ್ದು ಒಂದು. ಒಂದು ತಪ್ಪಿದರೂ ಕಾಗದ ವಾಪಸ್ ಬರುತ್ತದೆ, ಇಲ್ಲವೇ ಪತ್ರ ಬರುತ್ತದೆ. ಎರಡರಲ್ಲೂ ಹೋಗುವುದು ವಾರಗಳು.

ಇನ್ನು ಹೆಸರು. ನಮ್ಮ ಕಡೆಯವರಿಗೆ ಇದು ದೊಡ್ಡ ತಲೆನೋವು. ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗವೇ ಖಾಲಿ ಇರುತ್ತದೆ. "ಕಾವ್ಯ ನಾಗರಾಜಪ್ಪ" ಎಂದು ಎರಡೂ ಒಟ್ಟಿಗೆ ಗಿವನ್ ನೇಮ್‌ನಲ್ಲಿ ಇರುತ್ತದೆ. ವೀಸಾದಲ್ಲಿ ನೋಡಿದರೆ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್) ಎಂದು ಸೇರಿರುತ್ತದೆ. ಬ್ಯಾಂಕಿನಲ್ಲಿ ಗಂಡನ ಹೆಸರು ಅಂಟಿಕೊಂಡಿರುತ್ತದೆ. ಡಬ್ಲ್ಯೂ-7ರಲ್ಲಿ ಒಂದು, 1040ರಲ್ಲಿ ಇನ್ನೊಂದು ಬರೆದರೆ ಆಮೇಲೆ ಫೋನಿನಲ್ಲಿ ಹುಡುಕುವವರಿಗೆ ನೀವು ಸಿಗುವುದಿಲ್ಲ. ಎರಡರಲ್ಲೂ ಅಕ್ಷರ ಅಕ್ಷರ ಒಂದೇ ಇರಲಿ. ಹೇಗೆ ಬರೆದಿರಿ ಎಂಬುದನ್ನು ಫೋಲ್ಡರಿನ ಮೇಲೂ ಬರೆದಿಡಿ.

ಕೊನೆಗೆ, ಕವರಿಗೆ ಹಾಕುವ ಪ್ರತಿ ಹಾಳೆಯನ್ನೂ ಸಹಿ ಆದ ಮೇಲೆ ಸ್ಕ್ಯಾನ್ ಮಾಡಿ. ಸಹಿಗೆ ಮುಂಚಿನ ಪಿಡಿಎಫ್ ಇದೆ ಎಂದು ಸುಮ್ನೆ ಬಿಡಬೇಡಿ. ನಾಳೆ ಬೇಕಾಗುವುದು ಸಹಿ ಇರುವ ಪ್ರತಿಯೇ.

ಹಂತ 2: ಪಾಸ್‌ಪೋರ್ಟ್ ಕೈಬಿಡದ ದಾರಿ ಹುಡುಕಿ

ಡಬ್ಲ್ಯೂ-7 ಜೊತೆ ಗುರುತಿನ ದಾಖಲೆಯ ಮೂಲಪ್ರತಿ ಅಥವಾ ಅದನ್ನು ಕೊಟ್ಟ ಸಂಸ್ಥೆಯೇ ದೃಢೀಕರಿಸಿದ ಪ್ರತಿ ಬೇಕು. ನೋಟರಿ ಮಾಡಿಸಿದ ಜೆರಾಕ್ಸ್ ನಡೆಯುವುದಿಲ್ಲ. ಬ್ಯಾಂಕಿನಲ್ಲಿ ಪುಕ್ಕಟೆ ನೋಟರಿ ಮಾಡಿಸಿ ಕಳಿಸಿ, ತಿರಸ್ಕಾರವಾಗಿ, ಮತ್ತೆ ಮೊದಲಿನಿಂದ ಶುರು ಮಾಡಿದವರು ಬೇಕಾದಷ್ಟು ಜನ ಇದ್ದಾರೆ.

ಮೂಲ ಪಾಸ್‌ಪೋರ್ಟನ್ನೇ ಕವರಿಗೆ ಹಾಕಬಹುದು, ಆದರೆ ನನ್ನ ಸಲಹೆ ಬೇಡ ಎಂದೇ. ದಾಖಲೆ ವಾಪಸ್ ಬರಲು 60 ದಿನದವರೆಗೆ ಆಗಬಹುದು. ಆ ನಡುವೆ ಊರಿಂದ ರಾತ್ರಿ ಫೋನ್ ಬರುತ್ತದೆ, ಅಪ್ಪನಿಗೆ ಹುಷಾರಿಲ್ಲ, ತಕ್ಷಣ ಹೊರಡಬೇಕು. ಪಾಸ್‌ಪೋರ್ಟ್ ನೋಡಿದರೆ ಟೆಕ್ಸಾಸ್‌ನ ಐಆರ್‌ಎಸ್ ಕಚೇರಿಯಲ್ಲಿ. ಇಂಥ ಹೊತ್ತಿನಲ್ಲಿ ಯಾವ ಸಹಾಯವಾಣಿಯಿಂದಲೂ ಅದು ಮರುದಿನವೇ ಕೈಗೆ ಬರುವುದಿಲ್ಲ.

ಬದಲಿಗೆ ಎರಡು ದಾರಿಗಳಿವೆ. ಒಂದು, ಐಆರ್‌ಎಸ್‌ನ ಸ್ಥಳೀಯ ಕಚೇರಿ, ಅಂದರೆ ಟ್ಯಾಕ್ಸ್‌ಪೇಯರ್ ಅಸಿಸ್ಟೆನ್ಸ್ ಸೆಂಟರ್. 844-545-5640ಕ್ಕೆ ಫೋನ್ ಮಾಡಿ ಸಮಯ ತೆಗೆದುಕೊಳ್ಳಿ. ಎಲ್ಲ ಕಚೇರಿಗಳಲ್ಲೂ ಐಟಿನ್ ದಾಖಲೆ ನೋಡುವುದಿಲ್ಲ, ಅದನ್ನು ಆಗಲೇ ಕೇಳಿಕೊಳ್ಳಿ. ಅಲ್ಲಿ ಪಾಸ್‌ಪೋರ್ಟ್ ನೋಡಿ ನಿಮ್ಮ ಕೈಗೇ ವಾಪಸ್ ಕೊಡುತ್ತಾರೆ. ಇನ್ನೊಂದು, ಸರ್ಟಿಫೈಯಿಂಗ್ ಅಕ್ಸೆಪ್ಟೆನ್ಸ್ ಏಜೆಂಟ್. ಇವರು ಐಆರ್‌ಎಸ್ ಒಪ್ಪಿಗೆ ಪಡೆದ ಖಾಸಗಿಯವರು, ಶುಲ್ಕ ತೆಗೆದುಕೊಳ್ಳುತ್ತಾರೆ. ಹೆಸರು ಐಆರ್‌ಎಸ್ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡೇ ಹೋಗಿ.

ಮೂಲಪ್ರತಿ ಕಳಿಸಲೇಬೇಕಾದರೆ ನಿಮ್ಮ ವಿಳಾಸ ಬರೆದ, ಮೊದಲೇ ಹಣ ಕಟ್ಟಿದ ಎಕ್ಸ್‌ಪ್ರೆಸ್ ಕವರನ್ನು ಒಳಗೆ ಇಡಿ.

ಹಂತ 3: ಪೋಸ್ಟ್ ಆಫೀಸ್ ಕೌಂಟರ್

ಡಬ್ಲ್ಯೂ-7 ಜೊತೆಗಿನ ರಿಟರ್ನ್ ನಿಮ್ಮ ರಾಜ್ಯದವರು ಸಾಮಾನ್ಯವಾಗಿ ರಿಟರ್ನ್ ಕಳಿಸುವ ವಿಳಾಸಕ್ಕೆ ಹೋಗುವುದಿಲ್ಲ. ಅದು ಹೋಗುವುದು ಆಸ್ಟಿನ್‌ಗೆ: ಇಂಟರ್ನಲ್ ರೆವಿನ್ಯೂ ಸರ್ವಿಸ್, ಐಟಿನ್ ಆಪರೇಷನ್, ಪಿ.ಓ. ಬಾಕ್ಸ್ 149342, ಆಸ್ಟಿನ್, ಟೆಕ್ಸಾಸ್ 78714-9342. ಸಾಫ್ಟ್‌ವೇರ್ ಪ್ರಿಂಟ್ ಮಾಡಿಕೊಡುವ ವಿಳಾಸವನ್ನು ಕಣ್ಣು ಮುಚ್ಚಿ ನಂಬಬೇಡಿ. ಆ ವರ್ಷದ ಡಬ್ಲ್ಯೂ-7 ಸೂಚನೆಗಳ ಜೊತೆ ಒಮ್ಮೆ ಹೋಲಿಸಿ ನೋಡಿ. ಖಾಸಗಿ ಕೊರಿಯರ್‌ನವರು ಪಿ.ಓ. ಬಾಕ್ಸ್‌ಗೆ ತಲುಪಿಸುವುದಿಲ್ಲ, ಅವರಿಗೆ ಬೇರೆ ವಿಳಾಸವಿದೆ. ಅದೂ ಅದೇ ಸೂಚನೆಗಳಲ್ಲಿದೆ.

ಕವರನ್ನು ರಸ್ತೆಬದಿಯ ನೀಲಿ ಅಂಚೆ ಡಬ್ಬಕ್ಕೆ ಹಾಕಿ ಬರಬೇಡಿ. ಕೌಂಟರಿಗೆ ಹೋಗಿ ಸರ್ಟಿಫೈಡ್ ಮೇಲ್, ಜೊತೆಗೆ ರಿಟರ್ನ್ ರಿಸೀಟ್ (ತಲುಪಿದ್ದಕ್ಕೆ ವಾಪಸ್ ಬರುವ ರಸೀದಿ) ಕೇಳಿ. ರಸೀದಿಯ ಮೇಲೆ ಆ ದಿನದ ಮುದ್ರೆ ಬಿದ್ದಿದೆಯೇ ನೋಡಿ. ಗಡುವಿನೊಳಗೆ ಕಳಿಸಿದ್ದೀರಿ ಎನ್ನುವುದಕ್ಕೆ ಅದೇ ಸಾಕ್ಷಿ. ಕೆಲವು ದಿನಗಳ ಮೇಲೆ ಹಸಿರು ಬಣ್ಣದ ರಸೀದಿ ಕಾರ್ಡು ಮನೆಗೆ ಬರುತ್ತದೆ. ನಮ್ಮವರಿಗೆ ಕಾಯದೆ ಸಿಗುವ ಗ್ರೀನ್ ಕಾರ್ಡ್ ಇದೊಂದೇ, ಜೋಪಾನವಾಗಿಡಿ.

ಟ್ರ್ಯಾಕಿಂಗ್‌ನಲ್ಲಿ "ತಲುಪಿದೆ" ಎಂದು ಬಂದರೆ ಕವರ್ ಕಟ್ಟಡಕ್ಕೆ ತಲುಪಿದೆ ಎಂದಷ್ಟೇ ಅರ್ಥ. ಯಾರೋ ಬಿಚ್ಚಿ ನೋಡಿದ್ದಾರೆ ಎಂದಲ್ಲ.

ತೆರಿಗೆ ಬಾಕಿ ಇದ್ದವರಿಗೆ ಒಂದು ಮಾತು. ಐಟಿನ್ ಬರಲಿ ಎಂದು ಹಣ ಕಟ್ಟುವುದನ್ನು ತಡ ಮಾಡಬೇಡಿ. ಏಪ್ರಿಲ್ 15ರೊಳಗೆ ಐಆರ್‌ಎಸ್ ಡೈರೆಕ್ಟ್ ಪೇ ಮೂಲಕ ನಿಮ್ಮ ಸೋಷಿಯಲ್ ಸೆಕ್ಯೂರಿಟಿ ನಂಬರ್ ಮೇಲೆ ಕಟ್ಟಿಬಿಡಿ. ರಿಫಂಡ್ ಬರಬೇಕಾದವರು 1040ರಲ್ಲಿ ಬ್ಯಾಂಕ್ ಖಾತೆಯ ವಿವರ ತುಂಬಿ. 2025ರ ಸೆಪ್ಟೆಂಬರ್ 30ರಿಂದ ಕಾಗದದ ಚೆಕ್ ಕಳಿಸುವುದನ್ನು ನಿಲ್ಲಿಸುತ್ತಾ ಬರುತ್ತಿದ್ದಾರೆ.

ಹಂತ 4: ಕ್ಯಾಲೆಂಡರಿನಲ್ಲಿ ಮೂರು ಗುರುತು

ಕವರ್ ತಲುಪಿದ ದಿನದಿಂದ ಎಣಿಸಿ.

ಮೊದಲ ಗುರುತು 7 ವಾರಕ್ಕೆ. ಐಟಿನ್‌ಗೆ ಐಆರ್‌ಎಸ್ ಹೇಳುವ ಸಾಮಾನ್ಯ ಅವಧಿ ಅದು. ಆದರೆ ಜನವರಿ 15ರಿಂದ ಏಪ್ರಿಲ್ 30ರ ನಡುವೆ ಕಳಿಸಿದರೆ, ಅಥವಾ ಹೊರದೇಶದಿಂದ ಕಳಿಸಿದರೆ, 9ರಿಂದ 11 ವಾರ. ನಮ್ಮಲ್ಲಿ ಹೆಚ್ಚಿನವರು ಕಳಿಸುವುದೇ ಆ ನಡುವೆ, ಅಲ್ವಾ? ಹಾಗಾಗಿ 11 ಎಂದೇ ಬರೆದುಕೊಳ್ಳಿ.

ಎರಡನೆಯದು 60 ದಿನಕ್ಕೆ, ಮೂಲ ಪಾಸ್‌ಪೋರ್ಟ್ ಕಳಿಸಿದ್ದರೆ ಮಾತ್ರ.

ಮೂರನೆಯದು ಐಟಿನ್ ಬಂದ ದಿನದಿಂದ 6 ವಾರಕ್ಕೆ. ಕಾಗದದ ರಿಟರ್ನ್‌ನ ರಿಫಂಡ್‌ಗೆ ಆರು ವಾರ ಅಥವಾ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಇ-ಫೈಲ್ ಮಾಡಿದ ಸ್ನೇಹಿತನಿಗೆ 21 ದಿನದಲ್ಲಿ ಬಂತು ಎಂದು ಹೋಲಿಸಿಕೊಂಡು ಹೊಟ್ಟೆ ಉರಿಸಿಕೊಳ್ಳಬೇಡಿ.

ಈಗ ನನ್ನ ಕಥೆ. ಕಳಿಸಿ ಎಂಟು ವಾರಕ್ಕೆ ತಾಳ್ಮೆ ಕೆಟ್ಟು, ಅದೇ ರಿಟರ್ನ್‌ಗೆ ಹೊಸದಾಗಿ ಸಹಿ ಮಾಡಿ ಇನ್ನೊಂದು ಕವರ್ ಹಾಕಿದೆ. ಹತ್ತನೇ ವಾರ ಮೊದಲನೆಯದಕ್ಕೇ ಐಟಿನ್ ಬಂತು. ಖುಷಿಯಲ್ಲಿ ಎರಡನೆಯದನ್ನು ಮರೆತೇಬಿಟ್ಟೆ. ಆಮೇಲೆ ಆ ಎರಡನೇ ಕಾಪಿ ಯಾಕೆ ಬಂತು ಎಂದು ವಿವರಣೆ ಕೊಡುವ ಸರದಿ ನನ್ನದು. ರಿಫಂಡ್ ಅಲ್ಲಿಯವರೆಗೂ ನಿಂತಿತ್ತು. ತಪ್ಪು ಪೂರ್ತಿ ನನ್ನದೇ. ಐಆರ್‌ಎಸ್‌ನವರೇ "ಇನ್ನೊಮ್ಮೆ ಕಳಿಸಿ" ಎಂದು ಹೇಳುವ ತನಕ ಎರಡನೇ ಕಾಪಿ ಬೇಡವೇ ಬೇಡ.

ಹಂತ 5: ಫೋನಿಗೆ ಮುಂಚೆ ಪರದೆ

ಐಆರ್‌ಎಸ್ ಜಾಲತಾಣದಲ್ಲಿ "ವೇರ್ಸ್ ಮೈ ರಿಫಂಡ್" ಇದೆ. ಸೋಷಿಯಲ್ ಸೆಕ್ಯೂರಿಟಿ ನಂಬರ್, ರಿಟರ್ನ್‌ನಲ್ಲಿ ಬರೆದ ವೈವಾಹಿಕ ಸ್ಥಿತಿ, ರಿಫಂಡ್ ಮೊತ್ತ ಡಾಲರ್ ಲೆಕ್ಕದಲ್ಲಿ ಸರಿಯಾಗಿ, ಇಷ್ಟು ಕೇಳುತ್ತದೆ. ಮಾಮೂಲಿ ಕಾಗದದ ರಿಟರ್ನ್ ಕಳಿಸಿದ 4 ವಾರಕ್ಕೆ ಇಲ್ಲಿ ಕಾಣಬೇಕು. ಐಟಿನ್ ಬಾಕಿ ಇದ್ದರೆ ಏನೂ ಕಾಣುವುದಿಲ್ಲ. ಅದಕ್ಕೆ ಗಾಬರಿ ಬೇಡ.

ಇದಕ್ಕಿಂತ ಉಪಯೋಗದ್ದು ಐಆರ್‌ಎಸ್‌ನ ನಿಮ್ಮ ಆನ್‌ಲೈನ್ ಖಾತೆಯಲ್ಲಿರುವ ಅಕೌಂಟ್ ಟ್ರಾನ್ಸ್‌ಕ್ರಿಪ್ಟ್, ಅಂದರೆ ನಿಮ್ಮ ತೆರಿಗೆ ಖಾತೆಯಲ್ಲಿ ಏನೇನಾಗಿದೆ ಎಂಬ ಪಟ್ಟಿ. ಗುರುತು ಖಚಿತಪಡಿಸುವ ಐಡಿ.ಮಿ ಸೇವೆಯ ಮೂಲಕ ಒಳಗೆ ಹೋಗಬೇಕು. ಟ್ರಾನ್ಸ್‌ಕ್ರಿಪ್ಟ್ ತೆರೆದರೆ ಎಡಗಡೆ ಮೂರಂಕಿಯ ಕೋಡುಗಳಿರುತ್ತವೆ. 150 ಇದ್ದರೆ ರಿಟರ್ನ್ ದಾಖಲಾಗಿದೆ. 570 ಎಂದರೆ ಯಾವುದೋ ಕಾರಣಕ್ಕೆ ತಡೆ. 971 ಎಂದರೆ ಪತ್ರ ಹೊರಟಿದೆ, ಅಂಚೆ ಡಬ್ಬ ನೋಡುತ್ತಿರಿ. 846 ಬಂದರೆ ರಿಫಂಡ್ ಕಳಿಸಿದ್ದಾರೆ. ಮೇಲೆ "ಆಸ್ ಆಫ್" ಎಂದು ಒಂದು ತಾರೀಕು ಇರುತ್ತದೆ. ಅದನ್ನೇ ರಿಫಂಡ್ ತಾರೀಕು ಎಂದುಕೊಂಡು ಪಾರ್ಟಿ ಕೊಟ್ಟವರಿದ್ದಾರೆ. ಅದು ಬಡ್ಡಿ, ದಂಡ ಲೆಕ್ಕ ಹಾಕಲು ಇಟ್ಟ ತಾರೀಕು ಅಷ್ಟೇ.

ಹಂತ 6: ಫೋನ್

ಅವಧಿ ಮುಗಿದಿದೆ, ಪರದೆಯಲ್ಲಿ ಏನೂ ಇಲ್ಲ. ಈಗ ಫೋನ್ ಮಾಡಿ, ಅದಕ್ಕೆ ಮುಂಚೆ ಅಲ್ಲ. ನಂಬರ್ 800-829-1040, ಸೋಮವಾರದಿಂದ ಶುಕ್ರವಾರ, ನೀವಿರುವ ಊರಿನ ಸಮಯದಂತೆ ಬೆಳಗ್ಗೆ 7ರಿಂದ ಸಂಜೆ 7. ಭಾರತಕ್ಕೆ ವಾಪಸ್ ಹೋಗಿದ್ದರೆ 267-941-1000, ಇದು ಉಚಿತ ಅಲ್ಲ.

ಯಾವಾಗ ಮಾಡಬೇಕು? ಸೋಮವಾರ ಬಿಡಿ. ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ವಾರ ಬಿಡಿ. ಏಪ್ರಿಲ್ 15ರ ಆಸುಪಾಸೂ ಬಿಡಿ. ಬುಧವಾರದಿಂದ ಶುಕ್ರವಾರದ ನಡುವೆ ಬೆಳಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಮಾಡಿ. ಆಫೀಸ್ ಮೀಟಿಂಗ್ ಮಧ್ಯೆ ಮಾಡಿದರೆ ಸರಿಯಾಗಿ ನಿಮ್ಮ ಸರದಿ ಬಂದಾಗಲೇ ಮ್ಯಾನೇಜರ್ ಹೆಸರು ಕರೆಯುತ್ತಾರೆ.

ಮೇಜಿನ ಮೇಲೆ ಇರಬೇಕಾದ್ದು:

- ಸಹಿ ಆದ ರಿಟರ್ನ್ ಮತ್ತು ಡಬ್ಲ್ಯೂ-7 ಪ್ರತಿ
- ಹಿಂದಿನ ವರ್ಷದ ರಿಟರ್ನ್ (ಗುರುತು ಖಚಿತ ಮಾಡಿಕೊಳ್ಳಲು ಅದರಿಂದಲೂ ಕೇಳಬಹುದು)
- ಇಬ್ಬರ ಪಾಸ್‌ಪೋರ್ಟ್, ಹುಟ್ಟಿದ ದಿನಾಂಕ, ರಿಟರ್ನ್‌ನಲ್ಲಿ ಬರೆದ ವಿಳಾಸ
- ಸರ್ಟಿಫೈಡ್ ಮೇಲ್ ನಂಬರ್ ಮತ್ತು ತಲುಪಿದ ದಿನ
- ಚಾರ್ಜರ್, ಪೆನ್ನು, ನೀರು

ಮತ್ತು ಹೆಂಡತಿ, ಪಕ್ಕದಲ್ಲೇ. ಡಬ್ಲ್ಯೂ-7 ಅವರ ಅರ್ಜಿ. ಅದರ ಬಗ್ಗೆ ನಿಮ್ಮೊಬ್ಬರ ಜೊತೆ ಮಾತಾಡಲು ಒಪ್ಪದೇ ಇರಬಹುದು. "ಅವಳಿಗೆ ಇಂಗ್ಲಿಷ್ ಉಚ್ಚಾರಣೆ ಕಷ್ಟ" ಎಂದು ಗಂಡಸರು ಮುಂದೆ ಬೀಳುವುದನ್ನು ನೋಡಿದ್ದೇನೆ. ಅವರಿಗೆ ಕಷ್ಟವೇ ಆದರೆ ದುಭಾಷಿ ಬೇಕೆಂದು ಕೇಳಬಹುದು, ಅದಕ್ಕೆ ಹಣವಿಲ್ಲ. ನೀವೇ ಅವರ ಧ್ವನಿಯಲ್ಲಿ ಮಾತಾಡುವ ಸಾಹಸ ಮಾತ್ರ ಬೇಡ.

ಯಾವ ಗುಂಡಿ ಒತ್ತಬೇಕು ಎಂಬ ಪಟ್ಟಿ ನಾನು ಕೊಡುವುದಿಲ್ಲ. ಮೆನು ಬದಲಾಗುತ್ತಿರುತ್ತದೆ. ಅಂಥ ಪಟ್ಟಿಗಳು ಗುಂಪಿನಿಂದ ಗುಂಪಿಗೆ ತಿರುಗುತ್ತಾ ಹಳಸಿರುತ್ತವೆ. ರಿಫಂಡ್ ಎಂದು ಆರಿಸಿಕೊಂಡರೆ ಯಂತ್ರವೇ ಉತ್ತರ ಹೇಳಿ ಕೈತೊಳೆದುಕೊಳ್ಳುವ ಸಾಧ್ಯತೆ ಜಾಸ್ತಿ ಎನ್ನುವುದಷ್ಟೇ ನೆನಪಿರಲಿ. ಕೆಲವೊಮ್ಮೆ "ಕರೆಗಳು ಹೆಚ್ಚಿವೆ, ಆಮೇಲೆ ಪ್ರಯತ್ನಿಸಿ" ಎಂದು ಕಟ್ ಆಗುತ್ತದೆ. ನಿಮ್ಮದೇನೂ ತಪ್ಪಿಲ್ಲ, ಇನ್ನೊಂದು ದಿನ ಮಾಡಿ. ವಾಪಸ್ ಕರೆ ಮಾಡುವ ಸೌಲಭ್ಯ ಕೊಟ್ಟರೆ ಒಪ್ಪಿಕೊಳ್ಳಿ. ಆಮೇಲೆ ಗೊತ್ತಿಲ್ಲದ ನಂಬರ್ ಎಂದು ಆ ಕರೆಯನ್ನು ಕಟ್ ಮಾಡಬೇಡಿ.

ಮನುಷ್ಯರು ಸಿಕ್ಕ ತಕ್ಷಣ ಅವರ ಹೆಸರು ಮತ್ತು ಐಡಿ ನಂಬರ್ ಬರೆದುಕೊಳ್ಳಿ. ಆಮೇಲೆ "ರಿಫಂಡ್ ಎಲ್ಲಿ" ಎಂದು ಶುರು ಮಾಡದೆ ಈ ಕ್ರಮದಲ್ಲಿ ಕೇಳಿ:

1. ಇಂಥ ದಿನ ಆಸ್ಟಿನ್‌ಗೆ ತಲುಪಿದ ಡಬ್ಲ್ಯೂ-7 ನಿಮ್ಮ ವ್ಯವಸ್ಥೆಯಲ್ಲಿ ದಾಖಲಾಗಿದೆಯೇ?
2. ಆಗಿದ್ದರೆ ಅದು ಪರಿಶೀಲನೆಯಲ್ಲಿದೆಯೇ, ನಂಬರ್ ಕೊಟ್ಟಾಗಿದೆಯೇ, ಮಾಹಿತಿ ಬೇಕೆಂದು ನಿಂತಿದೆಯೇ, ತಿರಸ್ಕಾರವಾಗಿದೆಯೇ?
3. ಯಾವುದಾದರೂ ಪತ್ರ ಹೊರಟಿದೆಯೇ? ಯಾವ ದಿನ, ಯಾವ ವಿಳಾಸಕ್ಕೆ?
4. ಐಟಿನ್ ಕೊಟ್ಟಾಗಿದ್ದರೆ, ರಿಟರ್ನ್ ಮುಂದಕ್ಕೆ ಹೋಗಿದೆಯೇ?
5. ನಾನೀಗ ಏನಾದರೂ ಕಳಿಸಬೇಕೇ? ಮತ್ತೆ ಯಾವಾಗ ಫೋನ್ ಮಾಡಲಿ?

ಮೂರನೇ ಪ್ರಶ್ನೆ ಬಿಡಲೇಬೇಡಿ. ಎಷ್ಟೋ ಸಲ ಪತ್ರ ಹೊರಟು ವಾರಗಳೇ ಆಗಿರುತ್ತವೆ, ಇವರು ಅಷ್ಟರಲ್ಲಿ ಅಪಾರ್ಟ್‌ಮೆಂಟ್ ಬದಲಾಯಿಸಿರುತ್ತಾರೆ. ಹಾಗಿದ್ದರೆ 8822 ಫಾರಂ ಹಾಕಿ ವಿಳಾಸ ಬದಲಿಸಿ. ಇನ್ನೊಂದು ಚಿಕ್ಕ ವಿಷಯ. ಐಟಿನ್ ಪತ್ರ ಬರುವುದು ಹೆಂಡತಿಯ ಹೆಸರಿಗೆ. ಅಂಚೆ ಡಬ್ಬದ ಮೇಲೆ ನಿಮ್ಮ ಹೆಸರು ಮಾತ್ರ ಇದ್ದರೆ ಅಂಚೆಯವರು ಅದನ್ನು ವಾಪಸ್ ಕಳಿಸಬಹುದು. ಡಬ್ಬದ ಒಳಗೆ ಒಂದು ಚೀಟಿಯಲ್ಲಿ ಇಬ್ಬರ ಹೆಸರೂ ಬರೆದು ಅಂಟಿಸಿ.

ಏಜೆಂಟ್ ಮೇಲೆ ಕೂಗಾಡಬೇಡಿ. ಅವರಿಗೂ ಕಾಣುವುದು ಒಂದು ಪರದೆ ಮಾತ್ರ. ನಿಮ್ಮ ಕವರ್ ಅವರ ಕೈಯಲ್ಲಿಲ್ಲ.

ಹಂತ 7: ಪತ್ರ ಬಂದರೆ

ಬಲಗಡೆ ಮೇಲೆ ಅಥವಾ ಕೆಳಗೆ ಪತ್ರದ ನಂಬರ್ ಇರುತ್ತದೆ. ಸಿಪಿ565 ಬಂದರೆ ಐಟಿನ್ ಬಂತು. ಸಿಪಿ566 ಎಂದರೆ ಇನ್ನೂ ಮಾಹಿತಿ ಬೇಕು. ಅದರಲ್ಲಿರುವ ಗಡುವಿನೊಳಗೆ, ಆ ಪತ್ರದ ಪ್ರತಿ ಮೇಲಿಟ್ಟು, ಕೇಳಿದ್ದನ್ನು ಮಾತ್ರ ಕಳಿಸಿ. ಇಡೀ ರಿಟರ್ನ್ ಮತ್ತೆ ಕಳಿಸಬೇಡಿ. ಸಿಪಿ567 ಎಂದರೆ ತಿರಸ್ಕಾರ. ಕಾರಣ ಅದರಲ್ಲೇ ಬರೆದಿರುತ್ತದೆ.

5071ಸಿ ಅಥವಾ 4883ಸಿ ಬಂದರೆ ರಿಟರ್ನ್ ಹಾಕಿದ್ದು ನೀವೇನಾ ಎಂದು ಕೇಳುತ್ತಿದ್ದಾರೆ. ಇದಕ್ಕೆ ಉತ್ತರಿಸುವ ತನಕ ರಿಟರ್ನ್ ಅಲ್ಲಾಡುವುದಿಲ್ಲ. ಪತ್ರದಲ್ಲಿ ಹೇಳಿರುವ ದಾರಿಯಲ್ಲೇ ಉತ್ತರಿಸಿ, ಮಾಮೂಲಿ ಸಹಾಯವಾಣಿಗೆ ಅಲ್ಲ.

ಪತ್ರವೇ ಇಲ್ಲದೆ ಇದ್ದಕ್ಕಿದ್ದಂತೆ ಫೋನ್ ಬಂದು, "ನಿಮ್ಮ ಮೇಲೆ ವಾರಂಟ್ ಇದೆ, ಗಿಫ್ಟ್ ಕಾರ್ಡ್‌ನಲ್ಲಿ ಹಣ ಕಟ್ಟಿ" ಎಂದರೆ ಅದು ಕಳ್ಳರ ಕರೆ. ಇಟ್ಟುಬಿಡಿ. ಹೊಸದಾಗಿ ಬಂದ ಕುಟುಂಬಗಳು ವೀಸಾ ಭಯಕ್ಕೆ ಇದಕ್ಕೆ ಬೇಗ ಬೀಳುತ್ತವೆ.

ಹಂತ 8: ಫೋನಿನಲ್ಲಿ ಬಗೆಹರಿಯದಿದ್ದರೆ

ಸಾಮಾನ್ಯ ಅವಧಿ ಮುಗಿದು ಇನ್ನೂ 30 ದಿನ ಕಳೆದರೂ ಉತ್ತರವಿಲ್ಲದಿದ್ದರೆ, ಅಥವಾ ಈ ತಡದಿಂದ ಬಾಡಿಗೆ ಕಟ್ಟಲೂ ಕಷ್ಟವಾಗಿದ್ದರೆ, ಟ್ಯಾಕ್ಸ್‌ಪೇಯರ್ ಅಡ್ವೊಕೇಟ್ ಸರ್ವಿಸ್ ಇದೆ. ಐಆರ್‌ಎಸ್ ಒಳಗೇ ಇರುವ ಸ್ವತಂತ್ರ ವಿಭಾಗ, ಶುಲ್ಕವಿಲ್ಲ. 911 ಎಂಬ ಫಾರಂ ತುಂಬಿ ಕಳಿಸಬೇಕು. ಫೋನ್ 877-777-4778. ಫಾರಂನಲ್ಲಿ ಪುಟಗಟ್ಟಲೆ ಗೋಳು ಬರೆಯಬೇಡಿ. ತಾರೀಕುಗಳ ಪಟ್ಟಿ ಬರೆಯಿರಿ: ಈ ದಿನ ಕಳಿಸಿದೆ, ಈ ದಿನ ತಲುಪಿತು, ಈ ದಿನ ಈ ಐಡಿಯವರು ಹೀಗೆ ಹೇಳಿದರು. ಆರನೇ ಹಂತದಲ್ಲಿ ಬರೆದಿಟ್ಟದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಇನ್ನೊಂದು ದಾರಿ ನಮ್ಮವರಿಗೆ ಹೊಳೆಯುವುದೇ ಇಲ್ಲ. ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲಿ ನಿಮ್ಮ ಕ್ಷೇತ್ರವನ್ನು ಪ್ರತಿನಿಧಿಸುವ ಸದಸ್ಯರ ಕಚೇರಿ. ಫೆಡರಲ್ (ಕೇಂದ್ರ ಸರ್ಕಾರದ) ಇಲಾಖೆಗಳಲ್ಲಿ ಸಿಕ್ಕಿಕೊಂಡ ಕೆಲಸಕ್ಕೆ ಅವರ ಸಿಬ್ಬಂದಿ ವಿಚಾರಣೆ ಕಳಿಸುತ್ತಾರೆ. ಮತ ಹಾಕುವ ಹಕ್ಕಿಲ್ಲದಿದ್ದರೂ ಆ ಕ್ಷೇತ್ರದಲ್ಲಿ ವಾಸವಿದ್ದರೆ ಕೇಳಬಹುದು. ಅವರ ಜಾಲತಾಣದಲ್ಲಿ ಪ್ರೈವಸಿ ರಿಲೀಸ್ ಎಂಬ, ನಿಮ್ಮ ಮಾಹಿತಿ ನೋಡಲು ಒಪ್ಪಿಗೆ ಕೊಡುವ ಫಾರಂ ಇರುತ್ತದೆ, ಸಹಿ ಮಾಡಿ ಕೊಡಬೇಕು. ಎರಡು ಕಡೆಯೂ ಒಟ್ಟಿಗೆ ಹಾಕಬೇಡಿ, ಕೊನೆಗೆ ಎರಡೂ ಒಂದೇ ಮೇಜಿಗೆ ಹೋಗಿ ಗೊಂದಲವಾಗುತ್ತದೆ.

ಹಂತ 9: ಐಟಿನ್ ಕೈಗೆ ಬಂದ ದಿನ

ಸಿಪಿ565 ಸ್ಕ್ಯಾನ್ ಮಾಡಿ. ಹೆಸರು, ಹುಟ್ಟಿದ ದಿನಾಂಕ ಸರಿಯಿದೆಯೇ ನೋಡಿ. ಆ ರಿಟರ್ನ್ ಅನ್ನು ಐಟಿನ್ ಹಾಕಿ ಮತ್ತೆ ಕಳಿಸುವುದು ಬೇಡ, ಅದು ಅವರ ಬಳಿಯೇ ಇದೆ. ಕ್ಯಾಲೆಂಡರಿನ ಮೂರನೇ ಗುರುತು ಹಾಕಿ ಕಾಯಿರಿ. ರಾಜ್ಯದ ರಿಟರ್ನ್ ಇನ್ನೂ ಬಾಕಿ ಇದ್ದರೆ ಅದನ್ನು ಈಗ ಈ ನಂಬರ್ ಹಾಕಿ ಮುಗಿಸಿ. ಅದು ಐಆರ್‌ಎಸ್‌ಗೆ ಸಂಬಂಧಿಸಿದ್ದಲ್ಲ, ಅದಕ್ಕೆ ನಿಮ್ಮ ರಾಜ್ಯದ ತೆರಿಗೆ ಇಲಾಖೆಯೇ ಬೇರೆ.

ಮುಂದಿನ ವರ್ಷದಿಂದ ಇದೇ ನಂಬರ್ ಹಾಕಿ ಇ-ಫೈಲ್ ಮಾಡಬಹುದು. ಸತತ ಮೂರು ವರ್ಷ ಯಾವ ಫೆಡರಲ್ ರಿಟರ್ನ್‌ನಲ್ಲೂ ಬಳಸದಿದ್ದರೆ ಐಟಿನ್ ಅವಧಿ ಮುಗಿಯುತ್ತದೆ. ಹೆಂಡತಿಗೆ ಕೆಲಸದ ಅನುಮತಿ ಬಂದು ಸೋಷಿಯಲ್ ಸೆಕ್ಯೂರಿಟಿ ನಂಬರ್ ಸಿಕ್ಕರೆ ಐಟಿನ್ ಬಳಸುವುದನ್ನು ನಿಲ್ಲಿಸಿ, ಎರಡನ್ನೂ ಸೇರಿಸಿಕೊಳ್ಳಿ ಎಂದು ಐಆರ್‌ಎಸ್‌ಗೆ ಪತ್ರ ಬರೆಯಬೇಕು. ಹೌದು, ಅದೂ ಕಾಗದದಲ್ಲೇ. ಅದನ್ನೂ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ.